ಸೈನಿಕರು ಹೊರಗೆ, ಚಕ್ರವರ್ತಿ ಒಳಗೆ

ಪ್ರಶ್ನೆ: ರಜೆಯಲ್ಲಿ ಮನೆಯವರೆಲ್ಲ ಚೀನಾದ ಶಿಯಾನ್‌ಗೆ ಹೋಗಿದ್ದೆವು. ಮಣ್ಣಿನ ಸೈನಿಕರನ್ನು ನೋಡಿ ಬರುವಾಗ ಗೈಡ್ ದೂರದ ಗುಡ್ಡವೊಂದನ್ನು ತೋರಿಸಿ, ಚಕ್ರವರ್ತಿಯ ಸಮಾಧಿ ಅದರೊಳಗಿದೆ, ಇನ್ನೂ ತೆರೆದಿಲ್ಲ ಎಂದರು. ಯಾಕೆ ತೆರೆದಿಲ್ಲ ಎಂದು ಮಗಳು ಈಗಲೂ ಕೇಳುತ್ತಾಳೆ. ಏನು ಹೇಳಲಿ?

ಉತ್ತರ: ಪಾದರಸದ ಭಯ ಎಂಬ ಮಾತನ್ನು ನೀವು ಕೇಳಿರಬಹುದು. ಅದು ಪೂರ್ತಿ ಕಟ್ಟುಕತೆಯಲ್ಲ. ಆ ಚಕ್ರವರ್ತಿ ಚಿನ್ ಷಿ ಹುವಾಂಗ್ ಸತ್ತದ್ದು ಕ್ರಿ.ಪೂ. 210ರಲ್ಲಿ. ಸುಮಾರು ನೂರು ವರ್ಷದ ಬಳಿಕ ಇತಿಹಾಸಕಾರ ಸಿಮಾ ಚಿಯಾನ್, ಸಮಾಧಿಯೊಳಗೆ ಪಾದರಸದ ನದಿಗಳಿವೆ, ನುಗ್ಗಿದವರ ಮೇಲೆ ತಾನಾಗಿ ಬಾಣ ಬಿಡುವ ಬಿಲ್ಲುಗಳಿವೆ ಎಂದು ಬರೆದ. ಗುಡ್ಡದ ಮಣ್ಣನ್ನು ಪರೀಕ್ಷಿಸಿದಾಗ ಪಾದರಸ ಮಾಮೂಲಿಗಿಂತ ಹೆಚ್ಚೇ ಸಿಕ್ಕಿತು. ಬಿಲ್ಲಿನ ಭಾಗ ಮಗಳಿಗೆ ಖಂಡಿತ ಇಷ್ಟವಾಗುತ್ತದೆ. ಆದರೆ ಪುರಾತತ್ತ್ವದವರ ಅಸಲಿ ಹೆದರಿಕೆ ಗಾಳಿಯದು.

1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಈ ಸೈನಿಕರು ಮೊದಲು ಹೀಗೆ ಬೂದುಬೂದಾಗಿರಲಿಲ್ಲ. ಮುಖಕ್ಕೆ ನಸುಗೆಂಪು, ಉಡುಪಿಗೆ ಕೆಂಪು, ಹಸಿರು, ನೇರಳೆ. ಆ ನೇರಳೆಯನ್ನಂತೂ ಬೇರಿಯಂ, ತಾಮ್ರದ ಖನಿಜಗಳನ್ನು ಕುಲುಮೆಯಲ್ಲಿ ಕಾಸಿ ತಯಾರಿಸಿದ್ದರು! ಬಣ್ಣದಡಿಯಲ್ಲಿ ಮರದ ಹಾಲಿನಿಂದ ಮಾಡಿದ ಮೆರುಗಿನ ಲೇಪವಿತ್ತು. ಎರಡು ಸಾವಿರ ವರ್ಷ ತೇವದಲ್ಲಿದ್ದ ಲೇಪ, ಹೊರಗೆ ತೆಗೆದ ಕೆಲವೇ ನಿಮಿಷಗಳಲ್ಲಿ ಒಣಗಿ, ಸುರುಳಿ ಸುತ್ತಿ, ಬಣ್ಣವನ್ನೂ ಕಿತ್ತುಕೊಂಡು ಉದುರುತ್ತಿತ್ತು. ಜರ್ಮನಿಯ ತಜ್ಞರ ಜೊತೆ ಸೇರಿ ಅದನ್ನು ಹಿಡಿದಿಡುವ ದ್ರಾವಣ ಕಂಡುಕೊಳ್ಳುವ ಹೊತ್ತಿಗೆ ನೂರಾರು ಸೈನಿಕರು ಬಣ್ಣ ಕಳೆದುಕೊಂಡಾಗಿತ್ತು.

ಇದಕ್ಕೂ ಮೊದಲೇ ಒಮ್ಮೆ ಕೈ ಸುಟ್ಟಿತ್ತು. 1956ರಲ್ಲಿ ಬೀಜಿಂಗ್ ಬಳಿ ಮಿಂಗ್ ಅರಸ ವಾನ್ಲಿಯ ಸಮಾಧಿ ಅಗೆಯಲು ಹೊರಟರು. ಒಳಗಿದ್ದ ರೇಷ್ಮೆ ಬಟ್ಟೆಗಳು ಹೊರಬಂದ ಮೇಲೆ ಹಾಳಾದವು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿಯ ಕೆಂಪು ಕಾವಲುಪಡೆಯವರು ಅರಸನ, ಇಬ್ಬರು ರಾಣಿಯರ ಮೂಳೆಗಳನ್ನೇ ಹೊರಗೆಳೆದು ಸುಟ್ಟರು. ಕಾಪಾಡಲು ಬಾರದಿದ್ದರೆ ಚಕ್ರವರ್ತಿಗಳ ಸಮಾಧಿಗೆ ಕೈ ಹಾಕುವುದು ಬೇಡ ಎಂಬ ನಿಲುವಿಗೆ ಚೀನಾ ಬಂದದ್ದು ಇಂಥ ಅನುಭವಗಳಿಂದ. ಕುತೂಹಲ ನನಗೂ ಇದೆ. ಆದರೂ ಈ ತಾಳ್ಮೆಯೇ ಸರಿ ಅನ್ನಿಸುತ್ತದೆ.

ಮತ್ತೆ ಹೋದರೆ ಗುಡ್ಡದ ಬುಡದವರೆಗೂ ಹೋಗಿ. ಸೈನಿಕರಿರುವ ಜಾಗದಿಂದ ಪಶ್ಚಿಮಕ್ಕೆ ಒಂದೂವರೆ ಕಿ.ಮೀ. ಅಷ್ಟೆ. ಮೇಲೆ ನೋಡಲು ಗಿಡಮರ ಬಿಟ್ಟರೆ ಏನೂ ಇಲ್ಲ. ಆದರೆ 1980ರಲ್ಲಿ ಅದರ ಪಕ್ಕದಲ್ಲೇ ಸಿಕ್ಕ ಎರಡು ಕಂಚಿನ ರಥಗಳನ್ನು 2021ರಿಂದ ಅಲ್ಲೇ ಹೊಸ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಒಂದೊಂದಕ್ಕೂ ನಾಲ್ಕು ಕುದುರೆ, ಅಳತೆ ನಿಜವಾದ ರಥದ ಅರ್ಧ. ಸಿಕ್ಕಾಗ ಚೂರುಚೂರಾಗಿದ್ದವನ್ನು ವರ್ಷಗಟ್ಟಲೆ ಕೂತು ಜೋಡಿಸಿದ್ದಾರೆ. ಮಗಳಿಗೆ ಹತ್ತಿರದಿಂದ ತೋರಿಸಿ, ಹಳೆಯ ಬಣ್ಣ ಅಲ್ಲಲ್ಲಿ ಇನ್ನೂ ಕಾಣುತ್ತದೆ.