ಅಪ್ಪನ ಓಮ್ನಿ: ಇಟ್ಟುಕೊಳ್ಳುವ ಮೊದಲು, ಮಾರುವ ಮೊದಲು

ಮಾರುತಿ ವ್ಯಾನ್ 1984ರಲ್ಲಿ ಬಂತು. 1988ರಲ್ಲಿ ಅದಕ್ಕೆ ಓಮ್ನಿ ಎಂಬ ಹೆಸರು ಸೇರಿತು, 2019ರಲ್ಲಿ ತಯಾರಿಕೆ ನಿಂತಿತು. ಆದರೆ ಉತ್ತರ ಕನ್ನಡದಲ್ಲಿ, ಬಸ್ಸು ಅಪರೂಪವಾಗಿರುವ ಜೋಯಿಡಾದ ಊರುಗಳಲ್ಲಿ, ಹಳಿಯಾಳದ ಸಂತೆಯ ದಾರಿಯಲ್ಲಿ, ಮುಂಡಗೋಡದ ಗದ್ದೆ ಬಯಲಿನಲ್ಲಿ ಅದರ ಓಡಾಟ ನಿಂತಿಲ್ಲ. ಬಾಣಂತಿಯನ್ನು ದಾಂಡೇಲಿಯ ಆಸ್ಪತ್ರೆಗೆ ಒಯ್ಯುವುದು, ಅಡಿಕೆ ಚೀಲ ಹೇರುವುದು, ಮದುವೆಗೆ ಪಾತ್ರೆ ಸಾಗಿಸುವುದು ಎಲ್ಲವೂ ಅದರಲ್ಲೇ. ಅದನ್ನು ಕೊಂಡ ತಲೆಮಾರು ಈಗ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದೆ. ಹದಿನೈದು, ಇಪ್ಪತ್ತು ವರ್ಷದ ಗಾಡಿ ಅಂಗಳದಲ್ಲಿ ಉಳಿಯುತ್ತದೆ. ವೈಕುಂಠ ಸಮಾರಾಧನೆ ಮುಗಿಯುವ ಹೊತ್ತಿಗೆ ಮನೆಯಲ್ಲಿ ಮಾತು ಶುರುವಾಗುತ್ತದೆ: ಇಟ್ಟುಕೊಳ್ಳೋಣವೋ, ಕೊಟ್ಟುಬಿಡೋಣವೋ?

ಕಾನೂನಿನ ಪ್ರಕಾರ ಈ ಪ್ರಶ್ನೆ ಎರಡನೆಯದು. ಗಾಡಿ ಈಗ ಯಾರದು, ಆರ್‌ಸಿಯಲ್ಲಿ ಯಾರ ಹೆಸರಿದೆ ಎಂಬುದು ಮೊದಲನೆಯದು. ತೀರಿಕೊಂಡವರ ಹೆಸರಿನಲ್ಲಿರುವ ಗಾಡಿಯನ್ನು ನೆಮ್ಮದಿಯಿಂದ ಓಡಿಸಲೂ ಆಗದು, ನೇರವಾಗಿ ಮಾರಲೂ ಆಗದು. ಆದ್ದರಿಂದ ಇಟ್ಟುಕೊಳ್ಳುವವರಿಗೂ ಮಾರುವವರಿಗೂ ಮೊದಲ ಹೆಜ್ಜೆ ಒಂದೇ: ವಾರಸುದಾರರ ಹೆಸರಿಗೆ ಆರ್‌ಸಿ ಬದಲಾಯಿಸುವುದು.

ಇಲ್ಲಿ ದಿನಗಳ ಲೆಕ್ಕ ಮುಖ್ಯ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 56ನೇ ನಿಯಮದಲ್ಲಿ ಎರಡು ಗಡುವುಗಳಿವೆ. ಮಾಲೀಕರು ತೀರಿಕೊಂಡ 30 ದಿನದೊಳಗೆ, ಗಾಡಿಯನ್ನು ವಶದಲ್ಲಿ ಇಟ್ಟುಕೊಂಡಿರುವ ವಾರಸುದಾರರು ಸಾವಿನ ಸಂಗತಿಯನ್ನೂ ತಾವು ಗಾಡಿ ಬಳಸಲಿರುವುದನ್ನೂ ನೋಂದಣಿ ಪ್ರಾಧಿಕಾರಕ್ಕೆ, ಅಂದರೆ ಆರ್‌ಟಿಒ ಕಚೇರಿಗೆ ತಿಳಿಸಬೇಕು. ಹಾಗೆ ತಿಳಿಸಿದವರಿಗೆ ಸಾವಿನ ದಿನದಿಂದ ಮೂರು ತಿಂಗಳು ಗಾಡಿಯನ್ನು ತಮ್ಮದೆಂಬಂತೆ ಓಡಿಸಲು ಅವಕಾಶವಿದೆ. ಆ ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಈ 30 ದಿನದ ಪತ್ರದ ವಿಚಾರ ನಮ್ಮ ಕಡೆ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಬಿಳಿ ಹಾಳೆಯ ಮೇಲೆ ಬರೆದು, ಮರಣ ಪ್ರಮಾಣಪತ್ರದ ನಕಲು ಲಗತ್ತಿಸಿ, ಕಚೇರಿಗೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ದೂರದವರು ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಗಡುವು ಮೀರಿದ್ದರೆ ಹಕ್ಕೇನೂ ಹೋಗುವುದಿಲ್ಲ. ದಂಡ ಕಟ್ಟಿ ಮುಂದುವರಿಯಬಹುದು. ಆದರೆ ಅಲ್ಲಿಯವರೆಗೆ ಗಾಡಿಯನ್ನು ರಸ್ತೆಗೆ ತರಬೇಡಿ.

ಅರ್ಜಿಯನ್ನು ಯಾವ ಕಚೇರಿಗೆ ಹಾಕಬೇಕು? ಜಿಲ್ಲೆಯಲ್ಲಿ ಕೆಎ-30 ಕಾರವಾರದ್ದು, ಕೆಎ-31 ಶಿರಸಿಯದು, ಕೆಎ-47 ಹೊನ್ನಾವರದ್ದು, ಕೆಎ-65 ದಾಂಡೇಲಿಯದು. ಹಳೆಯ ಓಮ್ನಿಗಳ ಫಲಕದ ಮೇಲೆ ಕಾರವಾರ ಅಥವಾ ಶಿರಸಿಯ ಸಂಖ್ಯೆ ಇರುವುದು, ಕೆಲವೊಮ್ಮೆ ಧಾರವಾಡದ ಕೆಎ-25 ಇರುವುದು ಸಾಮಾನ್ಯ. ಮೋಟಾರು ವಾಹನ ಕಾಯ್ದೆ, 1988ರ 50ನೇ ಕಲಮು ನೋಡುವುದು ಆ ಸಂಖ್ಯೆಯನ್ನಲ್ಲ. ವಾರಸುದಾರರು ಎಲ್ಲಿ ವಾಸಿಸುತ್ತಾರೆ, ಗಾಡಿ ಸಾಮಾನ್ಯವಾಗಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು. ಫಲಕದಲ್ಲಿ ಕೆಎ-30 ಇದೆ ಎಂಬ ಒಂದೇ ಕಾರಣಕ್ಕೆ ದಾಂಡೇಲಿಯವರು ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕಿಲ್ಲ.

ಫಾರಂ 31ರ ಜೊತೆ ಮೂಲ ಆರ್‌ಸಿ, ಮರಣ ಪ್ರಮಾಣಪತ್ರ, ಚಾಲ್ತಿಯಲ್ಲಿರುವ ವಿಮೆ, ನಿಗದಿತ ಶುಲ್ಕ ಬೇಕು. ವಾರಸುದಾರರು ಯಾರೆಂದು ತೋರಿಸಲು ನಾಡಕಚೇರಿಯಿಂದ ವಂಶವೃಕ್ಷ ಅಥವಾ ಜೀವಂತ ಸದಸ್ಯರ ಪ್ರಮಾಣಪತ್ರ ಪಡೆಯಿರಿ. ಉಳಿದ ವಾರಸುದಾರರೆಲ್ಲ ಒಬ್ಬರ ಹೆಸರಿಗೆ ಒಪ್ಪಿ ಸಹಿ ಮಾಡಿದ ಸಮ್ಮತಿ ಪತ್ರವನ್ನು ನೋಟರಿಯ ಮುಂದೆ ಮಾಡಿಸಿ. ಕೆಲವರು ‘ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ’ ಎಂದು ಹೆದರಿಸುತ್ತಾರೆ. ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರಲ್ಲಿ ಆ ಪ್ರಮಾಣಪತ್ರ ಇರುವುದು ಬರಬೇಕಾದ ಸಾಲ, ಠೇವಣಿ, ಷೇರುಗಳಂಥವುಗಳಿಗಾಗಿ, ವ್ಯಾನಿಗಾಗಿ ಅಲ್ಲ. ಮನೆಯವರಲ್ಲಿ ಜಗಳವಿದ್ದರೆ ಮಾತ್ರ ಸಿವಿಲ್ ನ್ಯಾಯಾಲಯದ ತೀರ್ಪು ಬೇಕಾಗುತ್ತದೆ.

ಎಡವುವುದು ವಾರಸುದಾರರ ಪಟ್ಟಿಯಲ್ಲಿ. ‘ಗಾಡಿ ಗಂಡುಮಕ್ಕಳಿಗೆ’ ಎಂಬ ರೂಢಿ ಇನ್ನೂ ಬಲವಾಗಿದೆ, ಅದು ತಪ್ಪು. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರಂತೆ ವಿಲ್ ಬರೆಯದೆ ಪುರುಷರೊಬ್ಬರು ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಮದುವೆಯಾಗಿ ಬೆಳಗಾವಿಗೆ ಹೋದ ಮಗಳನ್ನೂ, ಮೂಲೆಯಲ್ಲಿ ಕುಳಿತ ಅಜ್ಜಿಯನ್ನೂ ಬಿಡುವಂತಿಲ್ಲ. ಮುಸ್ಲಿಂ ಕುಟುಂಬಗಳಿಗೆ ಷರಿಯತ್ತಿನ ಪಾಲು: ಮಕ್ಕಳಿದ್ದಾಗ ಹೆಂಡತಿಗೆ ಎಂಟನೇ ಒಂದು, ಮಗನಿಗೆ ಮಗಳ ಎರಡರಷ್ಟು. ಕ್ರೈಸ್ತ ಕುಟುಂಬದಲ್ಲಿ ಹೆಂಡತಿಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ ಸಮನಾಗಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ವಿಶೇಷವಿದೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2(2)ನೇ ಕಲಮಿನಂತೆ ಆ ಕಾಯ್ದೆ ಪರಿಶಿಷ್ಟ ಪಂಗಡದವರಿಗೆ ತಾನಾಗಿ ಅನ್ವಯಿಸುವುದಿಲ್ಲ. ಹಿಂದೂ ಸಿದ್ದಿ ಮನೆಯಲ್ಲಿ ರೂಢಿಯೇ ಕಾನೂನು. ಪಕ್ಕದ ಕುಣಬಿ ಅಥವಾ ಗೌಳಿ ಮನೆಗೆ ಮಾತ್ರ ಅದೇ ಕಾಯ್ದೆ ಪೂರ್ತಿ ಅನ್ವಯ. ಆದರೆ ರೂಢಿಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಹೊರಗಿಡುವುದು ಸುಲಭವಲ್ಲ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಆದಿವಾಸಿ ಕುಟುಂಬವೊಂದರ ಪ್ರಕರಣದಲ್ಲಿ, ಹೆಣ್ಣಿಗೆ ಪಾಲಿಲ್ಲವೆಂಬ ರೂಢಿಯನ್ನು ಯಾರೂ ಸಾಬೀತುಪಡಿಸದಿರುವಾಗ ಅವಳಿಗೆ ಪಾಲು ನಿರಾಕರಿಸುವುದು ಸಮಾನತೆಯ ಹಕ್ಕಿಗೆ ವಿರುದ್ಧವೆಂದು ಹೇಳಿದೆ. ನಾನು ಯಾವ ಸಮುದಾಯದವರಿಗೂ ಕೊಡುವ ಸಲಹೆ ಒಂದೇ: ಸಮ್ಮತಿ ಪತ್ರದಲ್ಲಿ ಹೆಣ್ಣುಮಕ್ಕಳ ಸಹಿ ಇರಲಿ, ಗಾಡಿಯ ಬೆಲೆ ಎಷ್ಟೇ ಕಡಿಮೆಯಿದ್ದರೂ. ಇವತ್ತು ವ್ಯಾನಿಗೆ ಅವರನ್ನು ಕೇಳದವರು ನಾಳೆ ಜಮೀನಿಗೂ ಕೇಳುವುದಿಲ್ಲ.

ಹಿಂದೂ ಕುಟುಂಬದಲ್ಲಿ ಅಪ್ರಾಪ್ತ ಮಕ್ಕಳಿದ್ದರೆ ತಾಯಿ ಅವರ ಪರವಾಗಿ ಸಹಿ ಮಾಡಬಹುದು. ಮಕ್ಕಳ ಹೆಸರಿನ ಜಮೀನು, ಮನೆ ಮಾರಲು ನ್ಯಾಯಾಲಯದ ಅನುಮತಿ ಕಡ್ಡಾಯ. ವಾಹನ ಚರಾಸ್ತಿಯಾದ್ದರಿಂದ ಆ ಷರತ್ತು ಇಲ್ಲ. ಮಾರಿದರೆ ಮಕ್ಕಳ ಪಾಲಿನ ಹಣವನ್ನು ಅವರ ಹೆಸರಿನ ಖಾತೆಗೇ ಹಾಕಿ.

2021ರಿಂದ ಆರ್‌ಸಿಯಲ್ಲಿ ನಾಮಿನಿ ಸೇರಿಸುವ ಅವಕಾಶವಿದೆ. ನಾಮಿನಿ ಇದ್ದರೆ ಹೆಸರು ಬದಲಾವಣೆ ಸಲೀಸು. ಆದರೆ ಆರ್‌ಸಿಯಲ್ಲಿ ಹೆಸರು ಬಂತೆಂದು ಉಳಿದ ವಾರಸುದಾರರ ಪಾಲು ಅಳಿಸಿಹೋಯಿತೆಂದು ತಿಳಿಯಬಾರದು.

ಇನ್ನು ವಿಮೆ. ಮಾಲೀಕರು ತೀರಿಕೊಂಡ ಕೂಡಲೇ ಪಾಲಿಸಿ ಸಾಯುವುದಿಲ್ಲ. ಸಾವಿನ ದಿನದಿಂದ ಮೂರು ತಿಂಗಳು ಅಥವಾ ಪಾಲಿಸಿಯ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಅದು ಜೀವಂತ. ಅಷ್ಟರೊಳಗೆ ವಿಮಾ ಕಂಪನಿಗೆ ಮರಣ ಪ್ರಮಾಣಪತ್ರ ಕೊಟ್ಟು ಪಾಲಿಸಿಯನ್ನು ವಾರಸುದಾರರ ಹೆಸರಿಗೆ ಮಾಡಿಸಬೇಕು. ವಿಮೆ ಇಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಕಾಡಿನ ತಿರುವಿನಲ್ಲಿ ಬೈಕ್ ಸವಾರನೊಬ್ಬನಿಗೆ ತಾಗಿದರೆ ಪರಿಹಾರದ ಲಕ್ಷಾಂತರ ರೂಪಾಯಿಯನ್ನು ಗಾಡಿ ಇಟ್ಟುಕೊಂಡ ಮನೆಯೇ ಕಟ್ಟಬೇಕಾಗುತ್ತದೆ. 796 ಸಿಸಿ ಎಂಜಿನ್ನಿನ ಓಮ್ನಿಗೆ, ಅಂದರೆ 1000 ಸಿಸಿ ಒಳಗಿನ ಕಾರಿಗೆ, 2022ರ ಜೂನ್‌ನಿಂದ ನಿಗದಿಯಾದ ಥರ್ಡ್ ಪಾರ್ಟಿ ಕಂತು ವರ್ಷಕ್ಕೆ 2,094 ರೂಪಾಯಿ, ಮೇಲೆ ತೆರಿಗೆ. ಅಷ್ಟು ಹಣ ಉಳಿಸಲು ಹೋಗಿ ತೋಟ ಮಾರುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಈಗ ಇಟ್ಟುಕೊಳ್ಳುವ ಲೆಕ್ಕ ನೋಡೋಣ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಬಳಿಕ ಐದೈದು ವರ್ಷಕ್ಕೆ ಫಾರಂ 25ರಲ್ಲಿ ನವೀಕರಿಸಬೇಕು. ಕಾರು, ವ್ಯಾನಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ. 2025ರ ಆಗಸ್ಟ್‌ನ ಅಧಿಸೂಚನೆಯಂತೆ 20 ವರ್ಷ ದಾಟಿದ್ದಕ್ಕೆ 10,000 ರೂಪಾಯಿ. ತಡವಾದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ಇದರ ಮೇಲೆ ಹಸಿರು ತೆರಿಗೆ, ಹೊಗೆ ತಪಾಸಣೆ ಪ್ರಮಾಣಪತ್ರ. ನವೀಕರಣದ ತಪಾಸಣೆಗೆ ಗಾಡಿಯನ್ನೇ ಕಚೇರಿಗೆ ಒಯ್ಯಬೇಕಾದ್ದರಿಂದ ತುಕ್ಕು ಹಿಡಿದ ತಳ, ಸವೆದ ಟೈರು, ಬ್ರೇಕು ಎಲ್ಲವನ್ನೂ ಮೊದಲೇ ಸರಿಪಡಿಸಿಕೊಳ್ಳಬೇಕು. 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿಯಾದ ವಾಹನಗಳಿಗೆ ಅತಿ ಸುರಕ್ಷಿತ ನಂಬರ್ ಪ್ಲೇಟ್ ಕೂಡ ಕಡ್ಡಾಯ. ಅದಿಲ್ಲದೆ ಹೆಸರು ಬದಲಾವಣೆಯೇ ಮುಂದೆ ಸಾಗದು. ಎಲ್‌ಪಿಜಿ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿದೆಯೇ ನೋಡಿ. ದಾಖಲಾಗದ ಕಿಟ್ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ, ಅದರಿಂದ ಜೀವಕ್ಕೂ ಅಪಾಯ.

‘ಹದಿನೈದು ವರ್ಷವಾದರೆ ಗಾಡಿ ಗುಜರಿಗೇ’ ಎಂದು ಹೇಳಿ ಅಗ್ಗಕ್ಕೆ ಕೊಳ್ಳಲು ಬರುವವರಿದ್ದಾರೆ. 15 ವರ್ಷದ ಪೆಟ್ರೋಲ್, 10 ವರ್ಷದ ಡೀಸೆಲ್ ವಾಹನದ ಮೇಲೆ ನಿರ್ಬಂಧ ಬಂದದ್ದು ದೆಹಲಿ ರಾಜಧಾನಿ ವಲಯದಲ್ಲಿ. ಕರ್ನಾಟಕದ ಖಾಸಗಿ ಗಾಡಿಗಳಿಗೆ ವಯಸ್ಸಿನ ಅಂಥ ನಿಷೇಧ ಇಲ್ಲ. ತಪಾಸಣೆ ದಾಟಿ ನವೀಕರಣವಾದರೆ ಓಡಿಸಬಹುದು.

ಇಟ್ಟುಕೊಳ್ಳಲು ಹಲವರು ಕೊಡುವ ಕಾರಣ ಪ್ರವಾಸಿಗರು. ಕಾಳಿ ನದಿಯ ರ‍್ಯಾಫ್ಟಿಂಗ್, ದಾಂಡೇಲಿ, ಜೋಯಿಡಾ, ಗಣೇಶಗುಡಿಯ ಹೋಂಸ್ಟೇಗಳು, ವಾರಾಂತ್ಯದ ಜನ. ‘ನಾಲ್ಕು ಟ್ರಿಪ್ ಹೊಡೆದರೆ ಖರ್ಚು ಬಂತು’ ಎಂಬ ಲೆಕ್ಕಾಚಾರ. ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆಗೆ ಜನರನ್ನು ಒಯ್ಯುವುದು ಪರ್ಮಿಟ್ ಇಲ್ಲದ ಸಾರಿಗೆ. ಮೋಟಾರು ವಾಹನ ಕಾಯ್ದೆಯ 192ಎ ಕಲಮಿನಡಿ ಮೊದಲ ತಪ್ಪಿಗೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು. ಅಪಘಾತವಾದರೆ ಬಾಡಿಗೆಗೆ ಓಡುತ್ತಿತ್ತು ಎಂಬ ಕಾರಣ ಹಿಡಿದು ವಿಮಾ ಕಂಪನಿ ಹಿಂದೆ ಸರಿಯಬಹುದು. ಶಾಲಾ ಮಕ್ಕಳನ್ನು ತಿಂಗಳ ಬಾಡಿಗೆಗೆ ಒಯ್ಯುವುದಕ್ಕೂ ಇದೇ ಮಾತು. ಮನೆಯ ಅಗತ್ಯಕ್ಕೆ ನಿಜವಾಗಿ ಬೇಕಿದ್ದರೆ ಇಟ್ಟುಕೊಳ್ಳಿ. ಬಾಡಿಗೆಯ ಆಸೆಯೊಂದೇ ಕಾರಣವಾದರೆ ಮಾರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಗಾಡಿಯ ಮೇಲೆ ಸಾಲ ಉಳಿದಿದ್ದರೆ ಬ್ಯಾಂಕ್ ಅಥವಾ ಸೊಸೈಟಿಯ ಬೇಬಾಕಿ ಪತ್ರ ಮತ್ತು ಫಾರಂ 35 ಬೇಕು. ಜಾಮೀನುದಾರರಾಗಿ ನೀವೇ ಸಹಿ ಮಾಡಿರದಿದ್ದರೆ, ತೀರಿಕೊಂಡವರ ಸಾಲಕ್ಕೆ ನಿಮ್ಮ ಹೊಣೆ ಅವರಿಂದ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ.

ಮಾರುವಾಗ ಒಂದು ಅಡ್ಡದಾರಿಯನ್ನು ಬಹಳ ಜನ ತೋರಿಸುತ್ತಾರೆ: ಅಪ್ಪನ ಸಹಿಯನ್ನೇ ಫಾರಂ 29, 30ರಲ್ಲಿ ಹಾಕಿಬಿಡಿ, ಹಳೆಯ ತಾರೀಖು ಬರೆಯಿರಿ ಎಂದು. ಇದು ಭಾರತೀಯ ನ್ಯಾಯ ಸಂಹಿತೆಯ 336ನೇ ಕಲಮಿನ ಫೋರ್ಜರಿ. ಮರಣದ ದಾಖಲೆ ಗಣಕದಲ್ಲಿರುವ ಈ ಕಾಲದಲ್ಲಿ ಸಿಕ್ಕಿಬೀಳುವುದೂ ಸುಲಭ. ಸಹಿ ಹಾಕಿದ ಮಗ ಜೈಲಿನ ಭಯದಲ್ಲಿರುವಾಗ ಸಲಹೆ ಕೊಟ್ಟವರು ಪಕ್ಕದಲ್ಲಿ ಇರುವುದಿಲ್ಲ.

ಸರಿಯಾದ ದಾರಿ: ಮೊದಲು ನಿಮ್ಮ ಹೆಸರಿಗೆ ಆರ್‌ಸಿ, ಬಳಿಕ ಕೊಳ್ಳುವವರ ಜೊತೆ ಫಾರಂ 29 ಮತ್ತು 30. ಮಾರಿದ 14 ದಿನದೊಳಗೆ ನೀವು ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ವರ್ಗಾವಣೆ ಮಾಡಿಸಿಕೊಳ್ಳಬೇಕು. ಅನಮೋಡ ದಾಟಿ ಗೋವಾದವರಿಗೆ ಕೊಡುವುದಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರ ಬೇಕು. ಹುಬ್ಬಳ್ಳಿಯ ಹಳೆ ಗಾಡಿ ವ್ಯಾಪಾರಿಗೆ ಕೊಡುವುದಾದರೆ, 2023ರ ಏಪ್ರಿಲ್‌ನಿಂದ ಅಂಥವರು ಆರ್‌ಟಿಒದಿಂದ ಅಧಿಕೃತ ಪ್ರಮಾಣಪತ್ರ ಪಡೆದಿರಬೇಕು; ಅವರಿಗೆ ಗಾಡಿ ಒಪ್ಪಿಸಿದ್ದನ್ನು ಫಾರಂ 29ಸಿಯಲ್ಲಿ ಆನ್‌ಲೈನ್ ತಿಳಿಸಿದರೆ ಮುಂದಿನ ಹೊಣೆ ಅವರದು. ಗಾಡಿ ಒಪ್ಪಿಸಿದ ದಿನ ಮತ್ತು ಸಮಯ ಬರೆದ ಚೀಟಿ, ಕೊಂಡವರ ಗುರುತಿನ ಚೀಟಿಯ ನಕಲು ನಿಮ್ಮಲ್ಲಿರಲಿ.

ಇಷ್ಟೆಲ್ಲ ಯಾಕೆಂದರೆ, ಮೋಟಾರು ವಾಹನ ಕಾಯ್ದೆಯ ಕಣ್ಣಿಗೆ ಮಾಲೀಕರೆಂದರೆ ಆರ್‌ಸಿಯಲ್ಲಿ ಹೆಸರಿರುವವರು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ (2018) ಗಾಡಿ ಕೈಯಿಂದ ಕೈಗೆ ಹೋಗಿ ಹಲವರನ್ನು ದಾಟಿತ್ತು, ಆರ್‌ಸಿ ಮಾತ್ರ ಮೊದಲಿನವರ ಹೆಸರಿನಲ್ಲೇ ಉಳಿದಿತ್ತು. ಅಪಘಾತದ ಪರಿಹಾರಕ್ಕೆ ಸುಪ್ರೀಂ ಕೋರ್ಟ್ ಹೊಣೆ ಮಾಡಿದ್ದು ಆರ್‌ಸಿಯಲ್ಲಿದ್ದವರನ್ನೇ.

ಗಾಡಿ ಓಡುವ ಸ್ಥಿತಿಯಲ್ಲೇ ಇಲ್ಲವಾದರೆ ಗುಜರಿ ಅಂಗಡಿಗೆ ತೂಕಕ್ಕೆ ಹಾಕಿ ಸುಮ್ಮನಾಗಬೇಡಿ. ಅದೇ ಕಾಯ್ದೆಯ 55ನೇ ಕಲಮಿನಂತೆ ಆರ್‌ಟಿಒಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಿ. ಇಲ್ಲವಾದರೆ ಆ ನಂಬರು, ಆ ಚಾಸಿ ಸಂಖ್ಯೆ ಬೇರೆ ಗಾಡಿಯ ಮೇಲೆ ಕಾಣಿಸಿಕೊಳ್ಳಬಹುದು. 2021ರ ನಿಯಮದಡಿ ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಹೊಸ ಗಾಡಿ ಕೊಳ್ಳುವಾಗ ಅದರಿಂದ ರಿಯಾಯಿತಿ ಪಡೆಯಬಹುದು.

ಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸ್ವೀಕೃತಿ ಮತ್ತು ಸಕಾಲ ಸಂಖ್ಯೆ ಕೇಳಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಮನೆಯವರು ಒಪ್ಪದಿದ್ದರೆ ಅಥವಾ ಕಾಗದಪತ್ರದಲ್ಲಿ ತೊಡಕಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ ಸಂಖ್ಯೆ 15100.