ಪೆಂಡಾಲ್ ಹಾಕುವವನು ಖಜಾಂಚಿಯಾದ ಮೇಲೆ

ಹಬ್ಬ ಮಾಡಿಸುವುದು ನನ್ನ ಕಸುಬಲ್ಲ. ಹಬ್ಬಕ್ಕೆ ಪೆಂಡಾಲ್ ಹಾಕುವುದು ನನ್ನ ಕಸುಬು. ಬಂಗಾರಪೇಟೆಯಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಸಣ್ಣ ಅಂಗಡಿ ಇಟ್ಟಿದ್ದೇನೆ. ಹುಟ್ಟಿ ಬೆಳೆದದ್ದು ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ, ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. ಯುಗಾದಿ ಕಳೆದು ಮುಂಗಾರು ಬರುವವರೆಗೆ ನಮ್ಮ ಕಡೆ ಹಬ್ಬಗಳಿಗೆ ಬಿಡುವೇ ಇಲ್ಲ. ರಾಮನವಮಿಯ ಪಾನಕ, ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಊರೂರಿನ ಕರಗ, ಮೇ ದಿನದ ಮೆರವಣಿಗೆ, ಮಾರಿಯಮ್ಮನ ಜಾತ್ರೆ. ಎಲ್ಲರಿಗೂ ಬಿಸಿಲಾದರೆ ನನಗೆ ಸುಗ್ಗಿ.

ಹೀಗಿರುವಾಗ ನಮ್ಮ ಲೈನಿನವರು, ಮಾರಿಯಮ್ಮನ ಹಬ್ಬದ ಜೊತೆಗೇ ಒಂದು ಬೇಸಿಗೆ ಸಂತೆಯನ್ನೂ ನಡೆಸೋಣ, ಉಳಿದ ಹಣದಲ್ಲಿ ಮಕ್ಕಳಿಗೆ ನೋಟ್‌ಬುಕ್ಕು, ಯೂನಿಫಾರಂ ಕೊಡಿಸೋಣ ಎಂದರು. "ನೀನು ಹೆಂಗೂ ಎಲ್ಲಾ ಹಬ್ಬದಲ್ಲೂ ಇರ್ತೀಯಲ್ಲಪ್ಪ" ಎಂದು ಖಜಾಂಚಿ ಪಟ್ಟವನ್ನು ನನಗೇ ಕಟ್ಟಿದರು. ಹಬ್ಬದಲ್ಲಿ ಇರುವುದು ಬೇರೆ, ಹಬ್ಬ ನಡೆಸುವುದು ಬೇರೆ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಆಮೇಲೆ ಹೊಳೆದದ್ದನ್ನು ಕೆಳಗೆ ಬರೆದಿದ್ದೇನೆ.

1. ಪಂಚಾಂಗ ನೋಡಿ, ಆದರೆ ಟ್ರೈನ್ ಟೈಮನ್ನೂ ನೋಡಿ

ಮೊದಲ ವರ್ಷ ಪೂಜಾರಪ್ಪನನ್ನು ಕೇಳಿ ಒಳ್ಳೆಯ ದಿನ ಗೊತ್ತುಮಾಡಿದೆವು. ವಾರದ ನಡುವೆ ಬಂತು. ಸಂಜೆ ಆರಕ್ಕೆ ಉದ್ಘಾಟನೆ. ಪೆಂಡಾಲಿನಲ್ಲಿ ಇದ್ದವರು ಮುದುಕರು, ಮಕ್ಕಳು, ವಾಲಗದವರು ಮತ್ತು ನಾನು. ದುಡಿಯುವ ವಯಸ್ಸಿನ ಒಂದು ತಲೆಯೂ ಕಾಣಲಿಲ್ಲ. ಕಾಣುವುದಾದರೂ ಹೇಗೆ? 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಲ್ಲಿಂದ ಈಚೆಗೆ ಇಲ್ಲಿಯ ಜನರ ಅನ್ನ ಇರುವುದು ಬೆಂಗಳೂರಿನಲ್ಲಿ: ಗಾರ್ಮೆಂಟ್ಸ್, ಸೆಕ್ಯುರಿಟಿ, ಹೌಸ್‌ಕೀಪಿಂಗ್. ಮಾರಿಕುಪ್ಪಂನಿಂದ ಚಾಂಪಿಯನ್, ಊರಿಗಾಂ, ಕೋರಮಂಡಲ್ ಹಾದು ಬಂಗಾರಪೇಟೆ ಸೇರುವ ಹಳಿಯನ್ನು 1894ರಲ್ಲಿ ಹಾಕಿದ್ದು ಗಣಿಗೋಸ್ಕರ. ಈಗ ಅದೇ ಹಳಿಯ ಮೇಲೆ ಕತ್ತಲಿರುವಾಗಲೇ ಟಿಫನ್ ಡಬ್ಬಿ ಹಿಡಿದ ಜನ ಹೊರಡುತ್ತಾರೆ, ಕತ್ತಲಾದ ಮೇಲೆ ವಾಪಸು ಬರುತ್ತಾರೆ.

ಅಪ್ಪನ ಕಾಲದಲ್ಲಿ ಹಬ್ಬದ ಹೊತ್ತನ್ನು ಗಣಿಯ ಶಿಫ್ಟು ಗೊತ್ತುಮಾಡುತ್ತಿತ್ತು. ಸೈರನ್ ಕೂಗಿದ ಮೇಲೆ, ಮೇಲೆ ಬಂದವರು ಮೈ ತೊಳೆದುಕೊಂಡು ಬರುವವರೆಗೆ ತೇರು ಕದಲುತ್ತಿರಲಿಲ್ಲವಂತೆ. ನಾವು ಆ ಬುದ್ಧಿಯನ್ನೇ ಮರೆತಿದ್ದೆವು. ಎಂಟು ಗಂಟೆಯ ಮೇಲೆ ಸ್ಟೇಷನ್ನಿಂದ ಜನ ಬರತೊಡಗಿದರು, ಬ್ಯಾಗು ಹೆಗಲಿನಲ್ಲಿಯೇ ಇತ್ತು. ಅಷ್ಟರಲ್ಲಿ ಮಕ್ಕಳ ಡ್ಯಾನ್ಸು ಮುಗಿದಿತ್ತು. ರಾತ್ರಿ ಹತ್ತಕ್ಕೆ ಕಾನೂನಿನ ಪ್ರಕಾರ ಮೈಕು ಬಂದ್. ಮಗಳ ಡ್ಯಾನ್ಸು ನೋಡಲು ಓಡೋಡಿ ಬಂದ ಒಬ್ಬ ತಾಯಿ ನನಗೆ ಏನೂ ಅನ್ನಲಿಲ್ಲ. ಸ್ಟೇಜಿನ ಹಿಂದೆ ಹೋಗಿ ಮಗುವಿನ ಮುಖದ ಬಣ್ಣ ಒರೆಸುತ್ತ ನಿಂತಳು. ಬೈದಿದ್ದರೇ ವಾಸಿಯಿತ್ತು.

ಈಗ ದೇವರ ಕಾರ್ಯ ಯಾವ ವಾರ ಬಂದರೂ ಸರಿ, ಸಂತೆ ಮತ್ತು ಸ್ಟೇಜು ಶನಿವಾರ ರಾತ್ರಿ, ಭಾನುವಾರ ಇಡೀ ದಿನ. ಶನಿವಾರವೂ ಕೆಲಸ ಇರುವವರಿಗಾಗಿ ಅವರ ಮಕ್ಕಳ ಸರದಿ ಕೊನೆಗೆ.

2. ಚಂದಾ ಪಟ್ಟಿಯಲ್ಲಿ ಹೆಸರಿರಲಿ, ಮೊತ್ತ ಬೇಡ

ಇದರಲ್ಲಿ ನಾನು ಮಾಡಿದ್ದು ಬರೀ ತಪ್ಪಲ್ಲ, ಹೆಮ್ಮೆಪಟ್ಟುಕೊಂಡು ಮಾಡಿದ ತಪ್ಪು. ಪಾರದರ್ಶಕವಾಗಿರಬೇಕು ಎಂದುಕೊಂಡು, ದಾನಿಗಳ ಹೆಸರನ್ನು ಮೊತ್ತದ ಸಮೇತ ದೊಡ್ಡ ಫ್ಲೆಕ್ಸ್ ಮಾಡಿಸಿದೆ. ಮೇಲೆ ಐದು ಸಾವಿರ ಕೊಟ್ಟವರು, ಕೆಳಗೆ ಇಳಿಯುತ್ತ ಹೋಗಿ ಕೊನೆಯ ಸಾಲಿನಲ್ಲಿ ಇಪ್ಪತ್ತು ರೂಪಾಯಿ. ಆ ಕೊನೆಯ ಸಾಲಿನವರು ಗಣಿಯೊಳಗೆ ಮೂವತ್ತು ವರ್ಷಕ್ಕೂ ಮೇಲೆ ದುಡಿದ ತಾತ. ಎದೆಯ ರೋಗದಿಂದ ಉಬ್ಬಸ ಬೇರೆ. ಬೆಳಿಗ್ಗೆ ಪೆಂಡಾಲಿಗೆ ಬಂದು, ಫ್ಲೆಕ್ಸನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿ, "ತಮ್ಮಾ, ನನ್ನ ಹೆಸರು ತೆಗೆಸಿಬಿಡು, ಮುಂದಿನ ವರ್ಷ ಜಾಸ್ತಿ ಕೊಡ್ತೀನಿ" ಎಂದರು. ಇದೇ ಲೈನಿನ ಹಬ್ಬವನ್ನು ಒಂದು ಕಾಲದಲ್ಲಿ ಮುಂದೆ ನಿಂತು ನಡೆಸಿದವರು ಅವರು. ಬ್ಲೇಡಿನಿಂದ ಆ ಸಾಲನ್ನು ಕತ್ತರಿಸಿ ತೆಗೆದೆ. ಕತ್ತರಿಸಿದ ಜಾಗ ಇನ್ನೂ ಎದ್ದು ಕಾಣುತ್ತಿತ್ತು.

ಈಗ ಫ್ಲೆಕ್ಸಿನಲ್ಲಿ ಮನೆ ನಂಬರಿನ ಸಾಲಿನಲ್ಲಿ ಬರೀ ಹೆಸರು. ಮೊತ್ತ ರಸೀದಿ ಪುಸ್ತಕದಲ್ಲಿ. ನೋಡಬೇಕೆನ್ನುವವರು ಬಂದು ನೋಡಬಹುದು. ಇನ್ನೊಂದು ಮಾತು: ಗಣಿ ಇದ್ದಾಗ ಸಂಬಳದ ದಿನ ಎಲ್ಲರಿಗೂ ಒಂದೇ, ರಾಬರ್ಟ್‌ಸನ್‌ಪೇಟೆಯ ಎಂ.ಜಿ. ಮಾರುಕಟ್ಟೆಯಲ್ಲಿ ಅಂದು ಕಾಲಿಡಲು ಜಾಗ ಇರುತ್ತಿರಲಿಲ್ಲ. ಈಗ ಒಬ್ಬರಿಗೆ ಒಂದನೇ ತಾರೀಕು, ಇನ್ನೊಬ್ಬರಿಗೆ ಏಳು, ಕಂಟ್ರಾಕ್ಟಿನವರಿಗೆ ಕೊಟ್ಟಾಗಲೇ ಸಂಬಳ. ತಿಂಗಳ ಕೊನೆಯಲ್ಲಿ ರಸೀದಿ ಪುಸ್ತಕ ಹಿಡಿದು ಬಾಗಿಲು ತಟ್ಟಿದರೆ ಒಳಗೆ ಟಿವಿ ಸದ್ದು ನಿಲ್ಲುತ್ತದೆ, ಬಾಗಿಲು ತೆರೆಯುವುದಿಲ್ಲ. ಅವರನ್ನು ಹಾಗೆ ಮನೆಯೊಳಗೇ ಅಡಗಿಸಿದ್ದು ನಾವು. ಹತ್ತನೇ ತಾರೀಕಿನ ಮೇಲೆ ಹೋಗಿ.

3. ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ಅಜ್ಜಿಯರನ್ನು ಕೇಳಿ

ಪೆಂಡಾಲಿನ ವಿಚಾರದಲ್ಲಾದರೂ ನಾನು ಎಡವಬಾರದಿತ್ತು. ಎಡವಿದೆ.

ಕೆಜಿಎಫ್‌ನಲ್ಲಿ ಗುಡ್ಡ ಎಂದರೆ ದೇವರು ಮಾಡಿದ್ದೂ ಉಂಟು, ಕಂಪನಿ ಮಾಡಿದ್ದೂ ಉಂಟು. ಅದಿರನ್ನು ಪುಡಿ ಮಾಡಿ, ಸಯನೈಡಿನಿಂದ ಚಿನ್ನ ಬಿಡಿಸಿಕೊಂಡು, ಮಿಕ್ಕ ಬೂದುಮಣ್ಣನ್ನು ನೂರು ವರ್ಷಕ್ಕೂ ಮೇಲೆ ಸುರಿದು ಸುರಿದು ಎದ್ದವು ಈ ಸಯನೈಡ್ ದಿಬ್ಬಗಳು. ಒಟ್ಟು ಮೂರು ಕೋಟಿ ಟನ್ನಿಗೂ ಹೆಚ್ಚು ಮಣ್ಣು. 2018ರಲ್ಲಿ 'ಕೆ.ಜಿ.ಎಫ್' ಸಿನಿಮಾ ಬಂದ ಮೇಲೆ ಹೊರಗಿನವರು ಇಲ್ಲಿಗೆ ಫೋಟೊ ತೆಗೆಸಿಕೊಳ್ಳಲು ಬರುತ್ತಾರೆ. ಪಕ್ಕದಲ್ಲಿ ಬದುಕುವವರಿಗೆ ಅದು ಗಾಳಿ ಎದ್ದಾಗ ಸಾರಿಗೆ ಬೀಳುವ ದೂಳು.

ಅಡುಗೆ ಪೆಂಡಾಲಿಗೆ ನಾನು ಆರಿಸಿದ ಜಾಗ ಅಗಲವಾಗಿತ್ತು, ಲಾರಿ ತಿರುಗಿಸಲು ಅನುಕೂಲ. ಒಬ್ಬ ಅಜ್ಜಿ, "ಅಲ್ಲಿ ಬೇಡ ಕಣಪ್ಪ, ಮಧ್ಯಾಹ್ನದ ಮೇಲೆ ದಿಬ್ಬದ ಕಡೆಯಿಂದ ಬೀಸುತ್ತೆ" ಎಂದರು. ಸೈಡ್‌ವಾಲ್ ಕಟ್ಟುತ್ತೇವೆ ಬಿಡಿ ಅಜ್ಜಿ ಎಂದೆ. ಮೂರು ಗಂಟೆಗೆ ಮಾವಿನ ಮಳೆಗೆ ಮುಂಚಿನ ಗಾಳಿ ಬಂತು. ನಾನು ಬಿಗಿಯಾಗಿ ಕಟ್ಟಿದ ಸೈಡ್‌ವಾಲ್‌ಗಳೇ ಗಾಳಿಯನ್ನು ತಡೆದು, ಕಂಬಗಳನ್ನು ಎತ್ತಿಬಿಟ್ಟವು. ಗೂಟಗಳು ಸರಿಯಾಗಿ ನೆಲಕ್ಕೆ ಇಳಿದಿರಲೂ ಇಲ್ಲ, ಇಲ್ಲಿ ಅರ್ಧ ಅಡಿ ಕೆಳಗೆ ಬಂಡೆ. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದು ಪುಣ್ಯ. ಕೊಪ್ಪರಿಗೆಯ ಅನ್ನದ ಮೇಲೆ ಮಾತ್ರ ತೆಳ್ಳಗೆ ಒಂದು ಪದರ ಬೂದು ಕೂತಿತ್ತು. ಮೇಲಿಂದ ತೆಗೆದು ಬಡಿಸೋಣ ಎಂದವರೂ ಇದ್ದರು. ಅಡುಗೆ ಭಟ್ಟರು ಸೌಟು ಕೆಳಗಿಟ್ಟು, "ನಿಮ್ಮ ಮಕ್ಕಳಿಗೆ ಬಡಿಸ್ತೀರಾ?" ಎಂದು ಕೇಳಿದರು. ಅಷ್ಟೂ ಅನ್ನವನ್ನು ಗುಂಡಿ ತೋಡಿ ಮುಚ್ಚಿದೆವು. ರಾತ್ರಿ ಊಟಕ್ಕೆ ಬಂಗಾರಪೇಟೆಯಿಂದ ಬ್ರೆಡ್ಡು, ಬಾಳೆಹಣ್ಣು ತರಿಸಿದೆವು.

ಗೂಟ ಇಳಿಯದ ಕಡೆ ಈಗ ನಾನು ಬಳಸುವುದು ಖಾಲಿ ಪೇಂಟ್ ಡಬ್ಬಿ. ಅದರ ತುಂಬ ಕಾಂಕ್ರೀಟ್ ಹಾಕಿ, ಹಸಿಯಿರುವಾಗಲೇ ನಡುವೆ ಕಬ್ಬಿಣದ ಕೊಂಡಿ ನೆಡಬೇಕು. ಒಂದು ಮೂಲೆಗೆ ಎರಡೆರಡು ಡಬ್ಬಿ. ಗಾಳಿ ಎದ್ದ ಕೂಡಲೇ ಸೈಡ್‌ವಾಲ್ ಬಿಚ್ಚಲು ಒಬ್ಬ ಹುಡುಗನನ್ನು ನಿಲ್ಲಿಸಬೇಕು, ಅವನ ಕೈಗೆ ಬೇರೆ ಯಾವ ಕೆಲಸವನ್ನೂ ಕೊಡಬಾರದು. ಅಡುಗೆ ಮಾತ್ರ ದೇವಸ್ಥಾನದ ಹಿಂದಿನ ಗೋಡೆಯ ಮರೆಯಲ್ಲಿ, ಆ ಅಜ್ಜಿ ತೋರಿಸಿದ ಜಾಗದಲ್ಲಿಯೇ ನಡೆಯುತ್ತದೆ.

4. ಪಾನಿಪುರಿ ಗಾಡಿ ಕಟ್ಟಕಡೆಗೆ

ಬಂಗಾರಪೇಟೆ ಪಾನಿಪುರಿಯ ಪಾನಿ ತಿಳಿನೀರಿನ ಹಾಗೆ ಬೆಳ್ಳಗಿರುತ್ತದೆ. ಹೊಸಬರು ಬರೀ ನೀರು ಹಾಕಿದ್ದೀರಾ ಎಂದು ಕೇಳಿ, ಬಾಯಿಗಿಟ್ಟ ಮೇಲೆ ಸುಮ್ಮನಾಗುತ್ತಾರೆ. ಜನ ಬರಲಿ ಎಂದು ಆ ಗಾಡಿಯನ್ನು ಸಂತೆಯ ಬಾಗಿಲಲ್ಲೇ ನಿಲ್ಲಿಸಿದೆ. ಜನ ಬಂದರು, ಬಾಗಿಲಲ್ಲೇ ನಿಂತರು, ತಿಂದರು, ಅಲ್ಲಿಂದಲೇ ಮನೆಗೆ ಹೋದರು. ಒಳಗೆ ಸ್ತ್ರೀಶಕ್ತಿ ಸಂಘದವರು ಉಪ್ಪಿನಕಾಯಿ, ಹಪ್ಪಳ, ರಾಗಿ ಹುರಿಹಿಟ್ಟು ಇಟ್ಟುಕೊಂಡು ನೊಣ ಹೊಡೆಯುತ್ತಿದ್ದರು. ಅದರ ಮೇಲೆ ಎಲ್ಲ ಮಳಿಗೆಗೂ ಒಂದೇ ಬಾಡಿಗೆ ಇಟ್ಟಿದ್ದೆ. ಸಂಜೆ ಬಾಡಿಗೆ ಕೇಳಲು ಹೋದಾಗ ಒಬ್ಬ ಅಕ್ಕ ಗಲ್ಲಾಪೆಟ್ಟಿಗೆಯನ್ನೇ ನನ್ನ ಕಡೆ ತಿರುಗಿಸಿ ತೋರಿಸಿದರು.

ಈಗ ಗಾಡಿ ಮೈದಾನದ ಆ ತುದಿಯಲ್ಲಿ. ಅಲ್ಲಿಗೆ ಹೋಗಬೇಕಾದರೆ ಉಪ್ಪಿನಕಾಯಿ, ಬಳೆ, ಹಪ್ಪಳ ಎಲ್ಲವನ್ನೂ ದಾಟಿಯೇ ಹೋಗಬೇಕು. ಬಾಡಿಗೆ ವ್ಯಾಪಾರಕ್ಕೆ ತಕ್ಕ ಹಾಗೆ. ಪಾನಿಪುರಿಯವರು ಮೊದಲು ಮುಖ ಗಂಟುಹಾಕಿಕೊಂಡರು, ಆಮೇಲೆ ಅವರೇ ನಮ್ಮ ಹಬ್ಬಕ್ಕೆ ನೀರಿನ ಟ್ಯಾಂಕರ್ ಕೊಡಿಸಿದರು. (ನೀರಿನದೇ ಬೇರೆ ಕತೆ. ಟ್ಯಾಂಕರಿಗೆ ಮುಂಗಡ ಕೊಡುವಾಗ ಕುಡಿಯುವ ನೀರೋ ಬಳಸುವ ನೀರೋ ಎಂದು ಬಾಯಿಬಿಟ್ಟು ಕೇಳಿ. ಪಾನಕ ಕಲಸಿದ ಮೇಲೆ ಕೇಳಬೇಡಿ.)

5. ಶ್ರೀನಿವಾಸಪುರದ ಮಾವು ನಿಮ್ಮ ಹಬ್ಬಕ್ಕೋಸ್ಕರ ಹಣ್ಣಾಗುವುದಿಲ್ಲ

ಏಪ್ರಿಲ್‌ನಲ್ಲಿ ಮಾವಿನ ಹಣ್ಣು ಮಾರಿ ಲಾಭ ಮಾಡುತ್ತೇವೆ ಎಂದು ಹೊರಟೆವು. ನಮ್ಮ ಜಿಲ್ಲೆಯ ಶ್ರೀನಿವಾಸಪುರದ ಬಾದಾಮಿ, ರಸಪುರಿ ನಿಜವಾಗಿ ಕೈಗೆ ಬರುವುದು ಮೇ ನಡುವಿನಿಂದ ಈಚೆಗೆ. ಅದಕ್ಕೂ ಮುಂಚೆ ಮಂಡಿಯಲ್ಲಿ ಹಳದಿಯಾಗಿ ಕಾಣುವ ಹಣ್ಣನ್ನು ಏನು ಹಾಕಿ ಹಳದಿ ಮಾಡಿದ್ದಾರೋ ಎಂದು ಅನುಮಾನಪಡುವುದೇ ಕ್ಷೇಮ. ನಾನು ಪಡಲಿಲ್ಲ. ಮೇಲೆ ಬಂಗಾರ, ಒಳಗೆ ಹುಣಸೆ. ಕೊಂಡವರು ವಾಪಸು ತಂದುಕೊಟ್ಟರು, ನಾವು ದುಡ್ಡು ವಾಪಸು ಕೊಟ್ಟೆವು. ಈಗ ಏಪ್ರಿಲ್ ಸಂತೆಯಾದರೆ ಉಪ್ಪಿನಕಾಯಿ ಕಾಯಿ ಮಾತ್ರ, ಅಲ್ಲೇ ಹೋಳು ಮಾಡಿಕೊಡುತ್ತೇವೆ. ಹೋಳು ಮಾಡುವ ಈಳಿಗೆಮಣೆಯ ಮುಂದೆಯೇ ಈಗ ಸಾಲು ನಿಲ್ಲುತ್ತದೆ.

6. ಲಕ್ಕಿ ಡಿಪ್ ಬೇಡ

ಕೂಪನ್ ಮಾರಿ ಮಿಕ್ಸಿ ಕೊಡೋಣ ಎಂದು ಯುವಕರು ಹೊರಟಾಗ ನಾನೇ ಕೂಪನ್ ಅಚ್ಚು ಹಾಕಿಸಿದೆ. ಪರ್ಮಿಷನ್ ಕೇಳಲು ಹೋದಾಗ ಠಾಣೆಯಲ್ಲಿದ್ದವರು ಒಂದು ಕೂಪನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಲಾಟರಿ 2007ರಲ್ಲೇ ನಿಂತುಹೋಯ್ತಲ್ಲ, ನಿಮಗೆ ಗೊತ್ತಾಗ್ಲಿಲ್ವಾ?" ಎಂದರು. ಗೊತ್ತಿತ್ತು, ಇದು ಲಾಟರಿ ಎಂದು ತೋಚಿರಲಿಲ್ಲ. ಆ ಕೂಪನ್‌ಗಳ ಹಿಂಬದಿಯಲ್ಲಿ ಊಟದ ಟೋಕನ್ ಸೀಲು ಹಾಕಿ ಬಳಸಿಕೊಂಡೆವು.

7. ಹರಾಜಿನಲ್ಲಿ ಕೂಗಿದ್ದು ಹಣವಲ್ಲ, ಕೈಗೆ ಬಂದದ್ದು ಹಣ

ಕೊನೆಯ ರಾತ್ರಿ ಅಮ್ಮನವರ ಮುಡಿಯ ಹೂವು, ಕಳಶದ ತೆಂಗಿನಕಾಯಿ, ನಿಂಬೆಹಣ್ಣು ಹರಾಜು ಹಾಕುತ್ತೇವೆ. ಮೈಕು, ಜನ, ಪಕ್ಕದ ಲೈನಿನವನ ಪೈಪೋಟಿ. ಆ ಹೊತ್ತಿನಲ್ಲಿ ಮನುಷ್ಯನ ಬಾಯಿಗೂ ಜೇಬಿಗೂ ಸಂಬಂಧ ಇರುವುದಿಲ್ಲ. ಒಂದು ನಿಂಬೆಹಣ್ಣು ಸಾವಿರಗಟ್ಟಲೆಗೆ ಹೋಯಿತು. ಕೂಗಿದ ಅಂಕಿಗಳನ್ನೆಲ್ಲ ಕೂಡಿಸಿ ನಾನು ಆ ರಾತ್ರಿಯೇ ನೋಟ್‌ಬುಕ್ಕಿಗೆ ಆರ್ಡರ್ ಕೊಟ್ಟೆ. "ಮುಂದಿನ ಹಬ್ಬದೊಳಗೆ ಕೊಡ್ತೀನಣ್ಣ" ಎಂಬುದು ನಮ್ಮಲ್ಲಿ ಹಳೆಯ ಪದ್ಧತಿ ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಜೂನ್ ಬಂತು, ಶಾಲೆ ತೆರೆಯಿತು, ನೋಟ್‌ಬುಕ್ಕಿನ ಅಂಗಡಿಯವರು ನನ್ನ ಅಂಗಡಿಯ ಮುಂದೆ ಬಂದು ಕೂತರು. ಕೈಯಿಂದ ಕಟ್ಟಿದೆ. ನಿಂಬೆಹಣ್ಣು ಕೂಗಿದ್ದ ತಮ್ಮ ದಸರಾ ಹೊತ್ತಿಗೆ ಕಂತಿನಲ್ಲಿ ತೀರಿಸಿದ, ಪಾಪ, ಬಡ್ಡಿ ಎಂದು ಒಂದು ಡಜನ್ ಬಾಳೆಹಣ್ಣೂ ತಂದಿದ್ದ.

ಹರಾಜು ನಿಲ್ಲಿಸಿ ಎಂದು ನಾನು ಹೇಳಲಾರೆ, ಅದರ ಸಂಭ್ರಮವೇ ಬೇರೆ. ಅದರ ಹಣವನ್ನು ಬರುವ ವರ್ಷದ ಲೆಕ್ಕಕ್ಕೆ ಬರೆಯುತ್ತೇವೆ, ಅಷ್ಟೇ. ಮಕ್ಕಳ ನೋಟ್‌ಬುಕ್ಕು ಮಳಿಗೆ ಬಾಡಿಗೆ ಮತ್ತು ಚಂದಾ ಹಣದಿಂದ ಬರುತ್ತದೆ. ಅದನ್ನೂ ಜೂನ್ ತನಕ ಕಾಯದೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಮೊದಲೇ ಸಗಟಿಗೆ ತರುತ್ತೇವೆ.

8. ಖಜಾಂಚಿಯೂ ನೀವೇ, ಬಿಲ್ಲಿನವರೂ ನೀವೇ ಆಗಬೇಡಿ

ಇದು ನನಗೆ ತಡವಾಗಿ ತಿಳಿದದ್ದು. ಪೆಂಡಾಲ್ ನನ್ನದು, ಪಾತ್ರೆ ನನ್ನದು, ಹಣದ ಪೆಟ್ಟಿಗೆ ನನ್ನ ಹತ್ತಿರ. ಅರ್ಧ ಬಾಡಿಗೆ ಮಾತ್ರ ಹಾಕಿದ್ದೆ, ಆ ಧೈರ್ಯದ ಮೇಲೆ ಯಾರನ್ನೂ ಕೇಳದೆ ನನ್ನ ಬಿಲ್ಲಿಗೆ ನಾನೇ ಹಣ ತೆಗೆದುಕೊಂಡೆ. ಕಡಿಮೆ ಹಾಕಿದ್ದೇನೆ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಲೈನಿನಲ್ಲಿ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಗುಸುಗುಸು ಎದ್ದಿತು. ಮೂರೂ ನನಗೆ ಅರ್ಥವಾಗುತ್ತಿದ್ದುದೇ ಕಷ್ಟ. ಸಿಟ್ಟಿಗೆದ್ದು ಪೆಟ್ಟಿಗೆಯ ಕೀಲಿಯನ್ನು ಮೇಜಿನ ಮೇಲೆ ಎಸೆದು ಬಂದೆ. ನಾಲ್ಕು ದಿನ ಕಳೆದ ಮೇಲೆ, ಗುಸುಗುಸು ಮಾಡಿದವರ ಜಾಗದಲ್ಲಿ ನಾನಿದ್ದಿದ್ದರೆ ಇನ್ನೂ ಜೋರಾಗಿ ಕೇಳುತ್ತಿದ್ದೆ ಎನ್ನಿಸಿತು.

ಈಗ ಖರ್ಚಿನ ಚೀಟಿಗಳನ್ನೆಲ್ಲ ದೇವಸ್ಥಾನದ ಗೋಡೆಗೆ ಒಂದು ವಾರ ಅಂಟಿಸುತ್ತೇವೆ. ನನ್ನ ಬಿಲ್ಲನ್ನು ಪಾಸು ಮಾಡುವವರು ಗಾರ್ಮೆಂಟ್ಸ್‌ಗೆ ಹೋಗುವ ಇಬ್ಬರು ಅಕ್ಕಂದಿರು. ಹೊಲಿಗೆ, ಬಟ್ಟೆ, ಅಳತೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಈ ವರ್ಷದ ಬಿಲ್ಲು ಇನ್ನೂ ಅವರ ಹತ್ತಿರವೇ ಇದೆ. ಎರಡು ಸೈಡ್‌ವಾಲ್ ಹರಿದಿದ್ದವು, ಅವಕ್ಕೂ ಪೂರ್ತಿ ಬಾಡಿಗೆ ಯಾಕೆ ಹಾಕಿದ್ದೀಯ ಎಂದು ಕೇಳಿ ಕಳಿಸಿದ್ದಾರೆ.