ಸಿಗ್ನಲ್ ಯಾರನ್ನು ಎಣಿಸುತ್ತೆ?

ಭೋಜದಲ್ಲಿ ಟ್ರಾಫಿಕ್ ಸಿಗ್ನಲ್ ಇಲ್ಲ. ಬೇಕಾಗಿಯೂ ಇಲ್ಲ. ದೂಧಗಂಗಾ, ವೇದಗಂಗಾ ಎರಡೂ ಕೂಡುವ ಊರು ನಮ್ದು. ಅಲ್ಲಿ ದಾರಿ ಬಂದ್ ಆಗಿದೆ ಅಂದ್ರೆ ಒಂದೋ ಮಳೆಗಾಲದಲ್ಲಿ ಹೊಳಿ ಬಂದಿರುತ್ತೆ, ಇಲ್ಲಾ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ನಿಂತಿರುತ್ತೆ. ಎರಡಕ್ಕೂ ಕೆಂಪು ದೀಪದಿಂದ ಏನೂ ಆಗಲ್ಲ.

ಈ ಲೇಖನ ಶುರುವಾಗಿದ್ದು ನಮ್ಮಲ್ಲಿ ಒಬ್ಬನ ಆಯಿಯಿಂದ. ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ. ಕಣ್ಣು ತೋರಿಸೋಕೆ ಅಂತ ಆಯಿಯನ್ನ ಸಿಟಿಗೆ ಕರ್ಕೊಂಡು ಬಂದಿದ್ವಿ. ಬಸ್ ಇಳಿದ ಮೇಲೆ ಆಸ್ಪತ್ರೆ ಎದುರಿಗೇ ಕಾಣ್ತಿತ್ತು, ನಡುವೆ ಒಂದು ಸರ್ಕಲ್ ಅಷ್ಟೇ. ನಮ್ಮ ಪಾಲಿಗೆ ಹಸಿರು ಬಂತು, ಹೊರಟ್ವಿ. ಅರ್ಧ ರಸ್ತೆಗೆ ಬರೋದ್ರೊಳಗೆ ಗಾಡಿಗಳು ಹೊರಟೇ ಬಿಟ್ವು. ಆಯಿ ಅಲ್ಲೇ ನಡುವೆ ನಿಂತು, ನಮ್ಮ ಕೈ ಗಟ್ಟಿ ಹಿಡಿದು, "ಏನ್ ಊರೋ ಇದು, ದಾಟಾಕೂ ಪಾಳಿ ಕೊಡಂಗಿಲ್ಲ" ಅಂದ್ರು.

ಅದೇ ವಾರ ಆ ಸರ್ಕಲ್‌ನಲ್ಲಿ ಹೊಸ ಸಿಗ್ನಲ್ ಹಾಕ್ತಾರಂತೆ, ಕ್ಯಾಮೆರಾ ಇರುತ್ತಂತೆ ಅಂತ ಸುದ್ದಿ ಕೇಳಿದ್ವಿ. ಆಗ ನಮಗೆ ಒಂದೇ ಪ್ರಶ್ನೆ ಬಂತು: ಹೊಸ ಸಿಗ್ನಲ್ ಬಂದ್ರೆ ಆಯಿಗೆ ಪಾಳಿ ಸಿಗುತ್ತಾ? ಉತ್ತರ ಹುಡುಕೋಕೆ ಹೋಗಿ ಕಲಿತದ್ದನ್ನ ಇಲ್ಲಿ ಬರೀತಿದ್ದೀವಿ. ನಾವು ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಎಡವಿದ್ರೆ ಕ್ಷಮೆ ಇರಲಿ.

ಮೊದಲು ನಾಲ್ಕು ಪದ

ಪಾಳಿ: ಪುಸ್ತಕದಲ್ಲಿ ಇದಕ್ಕೆ ಫೇಸ್ ಅಂತಾರೆ. ನಮ್ಮೂರಲ್ಲಿ ಫೇಸ್ ಅಂದ್ರೆ ಪಂಪ್‌ಸೆಟ್‌ಗೆ ಬರೋ ತ್ರೀ ಫೇಸ್ ಕರೆಂಟು. ಅದಕ್ಕೇ ಆಯಿಯ ಪದವನ್ನೇ ಇಟ್ಕೊಂಡ್ವಿ. ಹೊಲಕ್ಕೆ ನೀರಿನ ಪಾಳಿ ಇದ್ದ ಹಾಗೆ, ಒಂದು ಕಡೆಯ ಗಾಡಿಗಳಿಗೆ ಹಸಿರು ಸಿಗೋ ಸರದಿಯೇ ಪಾಳಿ.

ಸುತ್ತು: ಎಲ್ಲ ಪಾಳಿಗಳೂ ಒಮ್ಮೆ ಮುಗಿದು ಮತ್ತೆ ಮೊದಲನೇ ಪಾಳಿ ಬರೋ ತನಕದ ಸಮಯ. ಸೈಕಲ್ ಟೈಮ್ ಅಂತಾರಲ್ಲ, ಅದು.

ಹೋದ ಹೊತ್ತು: ಪಾಳಿ ಬದಲಾಗುವಾಗ ಯಾರಿಗೂ ಉಪಯೋಗಕ್ಕೆ ಬಾರದ ಸೆಕೆಂಡುಗಳು. ಹಸಿರು ಬಂದ್ರೂ ಮುಂದಿನ ಗಾಡಿ ಗೇರ್ ಹಾಕಿ ಹೊರಡೋಕೆ ಎರಡು ಸೆಕೆಂಡ್ ಬೇಕು. ಆಮೇಲೆ ಹಳದಿ, ಆಮೇಲೆ ಎಲ್ಲ ಕಡೆಗೂ ಕೆಂಪು.

ಹೊರೆ: ಒಂದು ದಾರಿಗೆ ಬರ್ತಿರೋ ಗಾಡಿಗಳನ್ನ ಆ ದಾರಿ ಪೂರ್ತಿ ಹಸಿರಿನಲ್ಲಿ ಬಿಡಬಹುದಾದ ಗಾಡಿಗಳಿಂದ ಭಾಗಿಸಿದ್ರೆ ಬರೋ ಸಂಖ್ಯೆ. 0.4 ಅಂದ್ರೆ ದಾರಿಯ ಶಕ್ತಿಯ ಶೇ. 40ರಷ್ಟು ಬೇಕು ಅಂತ.

ದೀಪ ಬದಲಾಯಿಸೋದು ಸುಲಭದ ಕೆಲಸ

ಸಿಗ್ನಲ್ ಮೇಲ್ದರ್ಜೆಗೆ ಏರಿಸೋದು ಅಂದ್ರೆ ನಾವು ಮೊದಲು ಅಂದುಕೊಂಡಿದ್ದು ದೀಪ ಬದಲಾಯಿಸೋದು. ಅದೂ ಇದೆ. ಹಳೇ ಸಿಗ್ನಲ್‌ನಲ್ಲಿ ಬಣ್ಣದ ಗಾಜಿನ ಹಿಂದೆ ತಂತಿಯ ಬಲ್ಬ್ ಇರ್ತಿತ್ತು. ಬಲ್ಬ್ ಹೋದ್ರೆ ಪೂರ್ತಿ ಕತ್ತಲೆ. ಸಂಜೆ ಬಿಸಿಲು ನೇರ ಬಿದ್ರೆ ಯಾವ ದೀಪ ಹತ್ತಿದೆ ಅಂತಲೇ ತಿಳೀತಿರಲಿಲ್ಲ. ಎಲ್‌ಇಡಿಯಲ್ಲಿ ಸಣ್ಣ ಸಣ್ಣ ದೀಪಗಳು ಬಹಳ ಇರೋದ್ರಿಂದ ಒಂದೆರಡು ಹೋದ್ರೂ ಕಾಣುತ್ತೆ, ಕರೆಂಟೂ ಬಹಳ ಕಮ್ಮಿ ಸಾಕು.

ಆದರೆ ದೀಪ ಎಷ್ಟೇ ಚೆನ್ನಾಗಿದ್ರೂ ಎಷ್ಟು ಹೊತ್ತು ಹತ್ತಬೇಕು ಅನ್ನೋದೇ ಮುಖ್ಯ. ಅದರಲ್ಲಿ ಮೂರು ತಲೆಮಾರು ಇವೆ.

ಒಂದು, ನಿಗದಿತ ಸಮಯದ್ದು. ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು ಅಂತ ಮೊದಲೇ ತುಂಬಿಟ್ಟಿರ್ತಾರೆ. ಭಾನುವಾರ ರಸ್ತೆ ಖಾಲಿ ಇದ್ರೂ ಅದು ತನ್ನ ಪಾಡಿಗೆ ಎಣಿಸ್ತಾ ಇರುತ್ತೆ.

ಎರಡು, ಗಾಡಿ ನೋಡಿ ನಡೆಯೋದು. ರಸ್ತೆಯೊಳಗೆ ಹುಗಿದ ತಂತಿಯ ಸುರುಳಿ ಅಥವಾ ಕ್ಯಾಮೆರಾ ಗಾಡಿಯನ್ನ ಗುರುತಿಸುತ್ತೆ. ಗಾಡಿ ಬರ್ತಾ ಇದ್ರೆ ಹಸಿರನ್ನ ಸ್ವಲ್ಪ ಎಳೆಯುತ್ತೆ, ನಿಂತ್ರೆ ಪಾಳಿ ಮುಗಿಸುತ್ತೆ.

ಮೂರು, ಅಡಾಪ್ಟಿವ್. ಒಂದೇ ಸರ್ಕಲ್ ಅಲ್ಲ, ಸಾಲಾಗಿ ಇರೋ ಸರ್ಕಲ್‌ಗಳು ಒಂದಕ್ಕೊಂದು ಮಾತಾಡ್ಕೊಂಡು ಸಮಯ ಬದಲಾಯಿಸ್ತವೆ. ಎರಡು ಸಿಗ್ನಲ್ ನಡುವೆ 500 ಮೀಟರ್ ಇದೆ, ಗಾಡಿಗಳು ಸೆಕೆಂಡಿಗೆ 10 ಮೀಟರ್, ಅಂದ್ರೆ ಗಂಟೆಗೆ 36 ಕಿ.ಮೀ. ವೇಗದಲ್ಲಿ ಬರ್ತಿವೆ ಅನ್ನಿ. ಮುಂದಿನ ಸಿಗ್ನಲ್ 50 ಸೆಕೆಂಡ್ ತಡವಾಗಿ ಹಸಿರಾದ್ರೆ ಯಾರೂ ಬ್ರೇಕ್ ಹಾಕಬೇಕಿಲ್ಲ. ಇದಕ್ಕೆ ಹಸಿರು ಅಲೆ ಅಂತಾರೆ.

ನಮ್ಮ ರಾಜ್ಯದಲ್ಲಿ ಈ ಮೂರನೇದಕ್ಕೆ ದೊಡ್ಡ ಉದಾಹರಣೆ ಬೆಂಗಳೂರು. ಅಲ್ಲಿ 165 ಜಂಕ್ಷನ್‌ಗಳಿಗೆ ಅಂತ ಯೋಜನೆ ಹಾಕಿ, 2024ರಲ್ಲಿ ಹಂತಹಂತವಾಗಿ ಅಡಾಪ್ಟಿವ್ ಸಿಗ್ನಲ್‌ಗಳನ್ನ ಚಾಲೂ ಮಾಡಿದ್ರು. ಯೋಜನೆಯ ಹೆಸರು ಬಿಎಟಿಸಿಎಸ್. ಒಳಗಿರೋ ಸಾಫ್ಟ್‌ವೇರ್ ಕೊಸಿಕಾಸ್ಟ್, ಸಿ-ಡ್ಯಾಕ್ ಸಂಸ್ಥೆ ಮಾಡಿದ್ದು. ಹೊರದೇಶದ ಸಾಫ್ಟ್‌ವೇರ್ ಇರುವಾಗ ನಮ್ಮದೇ ಯಾಕೆ? ಸಿಡ್ನಿಯಲ್ಲಿ ಹುಟ್ಟಿದ ಸ್ಕ್ಯಾಟ್ಸ್‌ನಂಥ ವ್ಯವಸ್ಥೆಗಳು ಬೆಳೆದದ್ದು ಗಾಡಿಗಳು ಲೇನ್ ಹಿಡಿದು ಹೋಗೋ ಊರುಗಳಲ್ಲಿ. ನಮ್ಮಲ್ಲಿ ಎರಡು ಲೇನ್‌ನಲ್ಲಿ ನಾಲ್ಕು ಸಾಲು ನಿಲ್ತವೆ, ಆಟೋ ಸಂದಿಯಲ್ಲಿ ಬೈಕ್ ನುಗ್ಗುತ್ತೆ. ಎಣಿಸೋ ರೀತಿಯೇ ಬೇರೆ ಆಗಬೇಕು.

ಬೇರೆ ದಾರಿಯೂ ಇದೆ. ಗೂಗಲ್‌ನ ಗ್ರೀನ್ ಲೈಟ್ ಅನ್ನೋ ಯೋಜನೆ ರಸ್ತೆಯಲ್ಲಿ ಯಾವ ಯಂತ್ರವನ್ನೂ ಇಡಲ್ಲ. ಮ್ಯಾಪ್‌ನಿಂದ ಸಿಗೋ ಮಾಹಿತಿ ನೋಡಿ, ಈ ಸಿಗ್ನಲ್‌ನ ಸಮಯ ಇಷ್ಟು ಬದಲಾಯಿಸಿ ಅಂತ ಸಲಹೆ ಕೊಡುತ್ತೆ. ಬೆಂಗಳೂರು, ಹೈದರಾಬಾದ್, ಕೋಲ್ಕತ್ತಾ ಅದರಲ್ಲಿ ಸೇರಿವೆ. ನಮ್ಮ ಜಿಲ್ಲಾಕೇಂದ್ರ ಬೆಳಗಾವಿ ಕೂಡ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲನೇ ಪಟ್ಟಿಯಲ್ಲೇ ಬಂದ ಊರು. ಅಂದ್ರೆ ಇದು ನಮ್ಮ ಕಡೆಗೂ ಸಂಬಂಧಪಟ್ಟ ಪಾಠ.

ಒಂದು ಲೆಕ್ಕ ಮಾಡೋಣ

ಎಷ್ಟೇ ಹೊಸ ಸಿಗ್ನಲ್ ಇರಲಿ, ಕಲಿಯೋರು ಶುರು ಮಾಡೋದು ಒಂದು ಹಳೇ ಸೂತ್ರದಿಂದ. ಬ್ರಿಟನ್ನಿನ ರಸ್ತೆ ಸಂಶೋಧನಾಲಯದಲ್ಲಿದ್ದ ವೆಬ್‌ಸ್ಟರ್ 1958ರಲ್ಲಿ ಕೊಟ್ಟದ್ದು:

ಸುತ್ತು = (1.5 × ಹೋದ ಹೊತ್ತು + 5) ÷ (1 − ಒಟ್ಟು ಹೊರೆ)

ಲೆಕ್ಕಕ್ಕೆ ಅಂತ ನಾವೇ ಒಂದು ಸರ್ಕಲ್ ಕಟ್ಟಿಕೊಳ್ಳೋಣ. ಒಂದು ಮುಖ್ಯ ರಸ್ತೆ, ಒಂದು ಅಡ್ಡ ರಸ್ತೆ, ಎರಡೇ ಪಾಳಿ. ಪ್ರತಿ ಕಡೆಯಿಂದ ಬರೋ ದಾರಿ 7 ಮೀಟರ್ ಅಗಲ. ಐಆರ್‌ಸಿ ಪ್ರಕಾರ ಒಂದು ಮೀಟರ್ ಅಗಲಕ್ಕೆ ಗಂಟೆಗೆ 525 ಪಿಸಿಯು ಅಂತ ಹಿಡಿದ್ರೆ, ಪೂರ್ತಿ ಹಸಿರಿನಲ್ಲಿ ಆ ದಾರಿ 3675 ಬಿಡುತ್ತೆ. ಪಿಸಿಯು ಅಂದ್ರೆ ಎಲ್ಲ ಗಾಡಿಗಳನ್ನೂ ಕಾರಿನ ಲೆಕ್ಕಕ್ಕೆ ತರೋ ಅಳತೆ.

ಮುಖ್ಯ ರಸ್ತೆಗೆ ಗಂಟೆಗೆ 1470 ಬರ್ತಿದ್ರೆ ಹೊರೆ 0.4. ಅಡ್ಡ ರಸ್ತೆಗೆ 735 ಬರ್ತಿದ್ರೆ 0.2. ಒಟ್ಟು 0.6. ಹೋದ ಹೊತ್ತು 10 ಸೆಕೆಂಡ್ ಅನ್ನೋಣ.

ಸುತ್ತು = (15 + 5) ÷ 0.4 = 50 ಸೆಕೆಂಡ್.

ಅದರಲ್ಲಿ 10 ಹೋದ ಹೊತ್ತು ಕಳೆದ್ರೆ ಉಳಿಯೋದು 40. ಹೊರೆಯ ಪ್ರಕಾರ ಹಂಚಿದ್ರೆ ಮುಖ್ಯ ರಸ್ತೆಗೆ ಸುಮಾರು 27, ಅಡ್ಡ ರಸ್ತೆಗೆ ಸುಮಾರು 13.

ಇಲ್ಲೇ ಇನ್ನೊಂದು ಮಾತು. ಒಟ್ಟು ಹೊರೆ 0.9 ಆದ್ರೆ ಸುತ್ತು 200 ಸೆಕೆಂಡ್ ಆಗುತ್ತೆ. 1ಕ್ಕೆ ಮುಟ್ಟಿದ್ರೆ ಸೂತ್ರಕ್ಕೆ ಉತ್ತರವೇ ಇಲ್ಲ. ನಾಲೆಯಲ್ಲಿ ಇರೋ ನೀರಿಗಿಂತ ಹೊಲ ಜಾಸ್ತಿ ಆದ್ರೆ ಪಾಳಿ ಹೆಂಗೆ ಹಚ್ಚಿದ್ರೂ ಸಾಲಲ್ಲ. ಎಐ ಸಿಗ್ನಲ್ ಬಂದ್ರೆ ಜಾಮ್ ಪೂರ್ತಿ ಮಾಯ ಅನ್ನೋರಿಗೆ ಈ ಸಾಲು ತೋರಿಸಬೇಕು.

ಟ್ರ್ಯಾಕ್ಟರ್ ಒಂದಾ, ನಾಲ್ಕೂವರೆನಾ?

ನಮ್ಮ ಕಡೆ ಕಬ್ಬಿನ ಸೀಸನ್ ಶುರುವಾದ್ರೆ ಫ್ಯಾಕ್ಟರಿ ದಾರಿ ತುಂಬ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು. ಐಆರ್‌ಸಿಯ ಗ್ರಾಮೀಣ ರಸ್ತೆಗಳ ಪಟ್ಟಿಯಲ್ಲಿ ಟ್ರೇಲರ್ ಸಹಿತ ಟ್ರ್ಯಾಕ್ಟರ್‌ಗೆ 4.5 ಪಿಸಿಯು, ಬೈಕಿಗೆ 0.5. ಜಂಕ್ಷನ್‌ನಲ್ಲಿ ಸಂಖ್ಯೆ ಸ್ವಲ್ಪ ಬೇರೆ ಆಗಬಹುದು, ಅಂದಾಜಿಗೆ ಇದು ಸಾಕು.

ನಮ್ಮ ಅಡ್ಡ ರಸ್ತೆಗೆ ನಿಮಿಷಕ್ಕೊಂದರಂತೆ ಗಂಟೆಗೆ 60 ಟ್ರ್ಯಾಕ್ಟರ್ ಜಾಸ್ತಿ ಬಂದ್ವು ಅನ್ನಿ. ಒಂದೊಂದನ್ನ 4.5 ಅಂತ ಎಣಿಸಿದ್ರೆ 270 ಕೂಡುತ್ತೆ. ಆಗ ಸೂತ್ರ ಅಡ್ಡ ರಸ್ತೆಗೆ ಸುಮಾರು 21 ಸೆಕೆಂಡ್ ಹಸಿರು ಕೊಡುತ್ತೆ. ಯಂತ್ರ ಅದನ್ನ ಬರೀ ಒಂದು ಗಾಡಿ ಅಂತ ಎಣಿಸಿದ್ರೆ ಸಿಗೋದು 15 ಸೆಕೆಂಡ್. ಕಬ್ಬು ತುಂಬಿದ ಟ್ರ್ಯಾಕ್ಟರ್ ಜಾಗ ಬಿಟ್ಟು ಕದಲೋದ್ರೊಳಗೆ ಅರ್ಧ ಹಸಿರು ಮುಗಿದಿರುತ್ತೆ. ರಸ್ತೆ ಅದೇ, ಸೂತ್ರ ಅದೇ, ಎಣಿಕೆ ಮಾತ್ರ ಬೇರೆ.

ಆಯಿಯ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮುಖ್ಯ ರಸ್ತೆ ಎರಡೂ ಕಡೆ ಸೇರಿ 14 ಮೀಟರ್. ಅದನ್ನ ದಾಟೋರು ನಡೆಯಬೇಕಾದ್ದು ಮುಖ್ಯ ರಸ್ತೆಯ ಗಾಡಿ ನಿಂತಿರುವಾಗ, ಅಂದ್ರೆ ಅಡ್ಡ ರಸ್ತೆಯ ಪಾಳಿಯಲ್ಲಿ. ಆ ಪಾಳಿ 13 ಸೆಕೆಂಡ್.

ಡಿಸೈನ್‌ಗೆ ಸಾಮಾನ್ಯವಾಗಿ ಹಿಡಿಯೋ ನಡಿಗೆಯ ವೇಗ ಸೆಕೆಂಡಿಗೆ 1.2 ಮೀಟರ್. 14 ÷ 1.2 = 11.7 ಸೆಕೆಂಡ್. ನಮ್ಮಂಥೋರು ಹೇಗೋ ದಾಟ್ತೀವಿ. ಆಯಿ ಸೆಕೆಂಡಿಗೆ 0.8 ಮೀಟರ್ ನಡೀತಾರೆ ಅಂತ ಹಿಡಿದ್ರೆ 17.5 ಸೆಕೆಂಡ್ ಬೇಕು. ಹಸಿರು ನೋಡಿ, ಸೀರೆ ಸರಿಮಾಡ್ಕೊಂಡು, ಫುಟ್‌ಪಾತ್ ಇಳಿಯೋಕೆ ಇನ್ನೊಂದು ಎರಡೂವರೆ. ಒಟ್ಟು 20.

13ರಲ್ಲಿ 20 ಕೂಡಲ್ಲ. ಆಯಿ ನಡುರಸ್ತೆಯಲ್ಲಿ ನಿಂತಿದ್ದು ಅವರ ತಪ್ಪಲ್ಲ. ನಮ್ಮ ಸೂತ್ರದಲ್ಲೇ ಹಾಗೆ ಬರುತ್ತೆ. ಯಾಕಂದ್ರೆ ಅದರಲ್ಲಿ ಕಾರಿಗೆ 1, ಬೈಕಿಗೆ 0.5 ಇದೆ. ನಡೆಯೋರಿಗೆ ಒಂದು ಸಂಖ್ಯೆಯೇ ಇಲ್ಲ.

ಹೊಸ ಸಿಗ್ನಲ್ ಇದನ್ನ ಇನ್ನೂ ಕೆಡಿಸಬಹುದು. ಅಡ್ಡ ರಸ್ತೆಯಲ್ಲಿ ಗಾಡಿ ಕಮ್ಮಿ ಆದ ತಕ್ಷಣ ಕ್ಯಾಮೆರಾ ನೋಡಿ ಆ ಪಾಳಿಯನ್ನ ಇನ್ನೂ ಕತ್ತರಿಸುತ್ತೆ. ಹಳೇ ಸಿಗ್ನಲ್‌ನಲ್ಲಿ ಎಷ್ಟು ಸೆಕೆಂಡ್ ಉಳೀತು ಅಂತ ಎಣಿಸೋ ಬೋರ್ಡಾದ್ರೂ ಇರ್ತಿತ್ತು. ಹಸಿರಿನ ಉದ್ದ ಕ್ಷಣಕ್ಷಣ ಬದಲಾಗೋ ಕಡೆ ಆ ಬೋರ್ಡನ್ನೂ ನಂಬೋಕಾಗಲ್ಲ.

ಹಾಗಂತ ಹೊಸದು ಬೇಡ ಅಂತ ಅಲ್ಲ. ಅದರೊಳಗೇ ಪರಿಹಾರ ಇದೆ. ಎಂಥ ಬುದ್ಧಿವಂತ ಕಂಟ್ರೋಲರ್‌ಗೂ ಕನಿಷ್ಠ ಹಸಿರು ಅಂತ ಒಂದು ಸಂಖ್ಯೆಯನ್ನ ಮನುಷ್ಯರೇ ತುಂಬಬೇಕು. ಅದಕ್ಕಿಂತ ಕೆಳಗೆ ಯಂತ್ರ ಇಳಿಯಲ್ಲ. ಅಲ್ಲಿ 20 ತುಂಬಿದ್ರೆ ಏನಾಗುತ್ತೆ? ಹಂಚಿಕೆ ಅದೇ ಇರಬೇಕಂದ್ರೆ ಮುಖ್ಯ ರಸ್ತೆಗೆ 40, ಸುತ್ತು 70 ಸೆಕೆಂಡ್. ಕೆಂಪು ಬಿದ್ದ ಕ್ಷಣ ಬಂದು ನಿಂತವನು ಮುಖ್ಯ ರಸ್ತೆಯಲ್ಲಿ ಮೊದಲಿಗಿಂತ 7 ಸೆಕೆಂಡ್, ಅಡ್ಡ ರಸ್ತೆಯಲ್ಲಿ 13 ಸೆಕೆಂಡ್ ಹೆಚ್ಚು ಕಾಯಬೇಕು. ಆಯಿ ಆಸ್ಪತ್ರೆ ಮುಟ್ಟೋಕೆ ತಗಲೋ ಖರ್ಚು ಅಷ್ಟೇ.

ಅದೂ ಬೇಡ ಅಂದ್ರೆ ಇನ್ನೊಂದು ದಾರಿ, ಇದಕ್ಕೆ ಸಾಫ್ಟ್‌ವೇರೇ ಬೇಡ. ರಸ್ತೆಯ ನಡುವೆ ನಿಲ್ಲೋಕೆ ಜಾಗ ಇರೋ ಒಂದು ಕಟ್ಟೆ. ಆಗ ಒಂದು ಸಲಕ್ಕೆ ದಾಟಬೇಕಾದ್ದು 7 ಮೀಟರ್. 7 ÷ 0.8 = 8.75, ಇಳಿಯೋಕೆ ಎರಡೂವರೆ ಸೇರಿಸಿದ್ರೂ ಸುಮಾರು 11. ಮೊದಲಿನ 13 ಸೆಕೆಂಡ್‌ನಲ್ಲೇ ಆಯಿತು. ಆಯಿ ಕಟ್ಟೆ ಮೇಲೆ ನಿಂತು ಮುಂದಿನ ಪಾಳಿ ಕಾಯ್ತಾರೆ, ಬೈಕುಗಳ ನಡುವೆ ಅಲ್ಲ.

ಫ್ರೀ ಲೆಫ್ಟ್ ಮಾತ್ರ ಈ ಎರಡರಲ್ಲೂ ಸರಿ ಹೋಗಲ್ಲ. ಅಲ್ಲಿ ಗಾಡಿಗೆ ಕೆಂಪೇ ಇಲ್ಲ, ಅಂದ್ರೆ ನಡೆಯೋರಿಗೆ ಪಾಳಿಯೇ ಇಲ್ಲ. ನಡೆಯೋರು ಜಾಸ್ತಿ ಇರೋ ಕಡೆ, ಆಸ್ಪತ್ರೆ, ಬಸ್ ಸ್ಟ್ಯಾಂಡ್, ಶಾಲೆ ಇರೋ ಕಡೆ, ಅದನ್ನ ಬಂದ್ ಮಾಡೋದೇ ಒಳ್ಳೇದು ಅಂತ ನಮ್ಮ ಅನಿಸಿಕೆ.

ಓದಿದವರಿಗೆ ಹೋಂವರ್ಕ್

ನಾಳೆ ನಾವೇ ಇಂಥ ಕಂಟ್ರೋಲರ್‌ಗೆ ಪ್ರೋಗ್ರಾಂ ಬರೀಬಹುದು, ಅದರ ಟೆಂಡರ್ ಓದಬಹುದು. ಅದಕ್ಕೆ ಈಗಲೇ ಒಂದು ರೂಢಿ ಮಾಡ್ಕೊಳ್ಳೋಣ. ನಿಮ್ಮ ಕಾಲೇಜ್ ಹತ್ತಿರದ ಸಿಗ್ನಲ್‌ಗೆ ಹೋಗಿ. ಫೋನಿನ ಸ್ಟಾಪ್‌ವಾಚ್‌ನಲ್ಲಿ ನಡೆಯೋರಿಗೆ ಸಿಗೋ ಹಸಿರನ್ನ ಐದು ಸುತ್ತು ಅಳೆಯಿರಿ. ರಸ್ತೆಯ ಅಗಲವನ್ನ ಗಾಡಿ ಇಲ್ಲದಾಗ, ಬೆಳಿಗ್ಗೆ ಬೇಗ, ಹೆಜ್ಜೆ ಹಾಕಿ ಅಂದಾಜು ಮಾಡಿ. ಅಗಲವನ್ನ 1.2ರಿಂದ ಒಮ್ಮೆ, 0.8ರಿಂದ ಒಮ್ಮೆ ಭಾಗಿಸಿ. ಎರಡನೇ ಉತ್ತರ ಹಸಿರಿಗಿಂತ ದೊಡ್ಡದಿದ್ರೆ ಅಳತೆ ಬರೆದು, ದಿನಾಂಕ ಹಾಕಿ, ಟ್ರಾಫಿಕ್ ಪೊಲೀಸರಿಗೆ ಒಂದು ಅರ್ಜಿ ಕೊಡಿ. "ಸಿಗ್ನಲ್ ಸರಿ ಇಲ್ಲ" ಅನ್ನೋದಕ್ಕಿಂತ "ಇಲ್ಲಿ 13 ಸೆಕೆಂಡ್ ಇದೆ, 20 ಬೇಕು" ಅನ್ನೋ ಮಾತಿಗೆ ತೂಕ ಜಾಸ್ತಿ.

ಆಯಿಗೆ ಮುಂದಿನ ತಿಂಗಳು ಮತ್ತೆ ಕಣ್ಣಿನ ತಪಾಸಣೆ ಇದೆ. ನಾವು ಸ್ಟಾಪ್‌ವಾಚ್ ಹಿಡ್ಕೊಂಡು ಜೊತೆಗೆ ಹೋಗ್ತೀವಿ. ನಮ್ಮ ಅರ್ಜಿಯ ಮೊದಲ ಅಳತೆ ಅವರದ್ದೇ.